ಕಲ್ಟ್ ಪಾಸ್ ರಿವ್ಯೂ: ಬಟ್ಟೆ ಮಾರಿದವರು ಜಿಮ್ ಇಟ್ಟರೆ ಹೇಗಿರುತ್ತದೆ

ಮೊದಲೇ ಹೇಳಿಬಿಡುತ್ತೇನೆ. ಗ್ರೂಪ್ ಕ್ಲಾಸ್ ಇಷ್ಟಪಡುವವರಿಗೆ ಕಲ್ಟ್ ಪಾಸ್, ಅಂದರೆ ಕಲ್ಟ್‌ಫಿಟ್ ಕಂಪನಿಯ ಕ್ಲಾಸ್, ಜಿಮ್‌ಗಳಿಗೆ ಹೋಗಲು ಆ್ಯಪ್‌ನಲ್ಲಿ ಕೊಳ್ಳುವ ಸದಸ್ಯತ್ವ, ಒಳ್ಳೆಯದು. ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಒಬ್ಬರೇ ಭಾರ ಎತ್ತುವವರಿಗೆ ಏರಿಯಾದ ಒಳ್ಳೆ ಜಿಮ್ಮೇ ಸಾಕು. ಇಷ್ಟೇ ಬೇಕಿದ್ದವರು ಇಲ್ಲಿಗೇ ನಿಲ್ಲಿಸಬಹುದು. ಯಾಕೆ ಹಾಗೆ ಅನ್ನುವವರು ಮುಂದೆ ಓದಿ, ಸ್ವಲ್ಪ ಉದ್ದ ಇದೆ. ಜಿಮ್‌ಗೆ ದುಡ್ಡು ಕಟ್ಟುವ ಮೊದಲು ಎಲ್ಲರೂ ಟ್ರೆಡ್‌ಮಿಲ್ ಎಷ್ಟಿದೆ, ಎಸಿ ಇದೆಯಾ ಅಂತ ನೋಡುತ್ತಾರೆ. ನಾನು ಅದನ್ನು ನಡೆಸುವವರು ಮುಂಚೆ ಏನು ಮಾಡುತ್ತಿದ್ದರು ಅಂತ ನೋಡುತ್ತೇನೆ.

ಕಲ್ಟ್ ಹಿಂದಿರುವ ಮುಕೇಶ್ ಬನ್ಸಲ್ ಪೈಲ್ವಾನರಲ್ಲ, ಟ್ರೈನರ್ ಕೂಡ ಅಲ್ಲ. ಹರಿದ್ವಾರದವರು, ಐಐಟಿ ಕಾನ್ಪುರದಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರು, ಅಮೆರಿಕದಲ್ಲಿ ಕೆಲವು ವರ್ಷ ಕೆಲಸ ಮಾಡಿ ವಾಪಸ್ ಬಂದು 2007ರಲ್ಲಿ ಬೆಂಗಳೂರಿನಲ್ಲಿ ಮಿಂತ್ರಾ ಶುರು ಮಾಡಿದವರಲ್ಲಿ ಒಬ್ಬರು. ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ, ಮಿಂತ್ರಾ ಶುರುವಿನಲ್ಲಿ ಬಟ್ಟೆ ಅಂಗಡಿಯೇ ಅಲ್ಲ. ಮಗ್ಗು, ಟೀ ಶರ್ಟ್ ಮೇಲೆ ನಮ್ಮ ಹೆಸರು, ಫೋಟೋ ಅಚ್ಚು ಹಾಕಿಸಿ ಗಿಫ್ಟ್ ಕೊಡುವ ವ್ಯಾಪಾರ ಅದು. ಅದು ಅಷ್ಟಾಗಿ ದೊಡ್ಡದಾಗುವುದಿಲ್ಲ ಅಂತ ಗೊತ್ತಾದ ಮೇಲೆ ಬ್ರಾಂಡೆಡ್ ಬಟ್ಟೆಗೆ ತಿರುಗಿದರು. 2014ರಲ್ಲಿ ಫ್ಲಿಪ್‌ಕಾರ್ಟ್ ಅದನ್ನು ಕೊಂಡುಕೊಂಡಿತು. 2016ರಲ್ಲಿ ಬನ್ಸಲ್ ಅಲ್ಲಿಂದ ಹೊರಬಂದು, ಫ್ಲಿಪ್‌ಕಾರ್ಟ್‌ನಲ್ಲೇ ದೊಡ್ಡ ಹುದ್ದೆಯಲ್ಲಿದ್ದ ಅಂಕಿತ್ ನಗೋರಿ ಜೊತೆ ಸೇರಿ ಕ್ಯೂರ್‌ಫಿಟ್ ಅನ್ನುವ ಫಿಟ್‌ನೆಸ್ ಕಂಪನಿ ಕಟ್ಟಿದರು. ಕಲ್ಟ್ ಅನ್ನುವ ಹೆಸರು ಇವರದ್ದಲ್ಲ. ಅದು ರಿಷಭ್ ತೆಲಂಗ್, ದೀಪಕ್ ಪೊದುವಾಳ್ ಅನ್ನುವ ಇಬ್ಬರು ಬೆಂಗಳೂರಿನಲ್ಲಿ ನಡೆಸುತ್ತಿದ್ದ ಜಿಮ್. ಅದನ್ನು ಕೊಂಡುಕೊಂಡು ಅದರ ಮೇಲೆ ಆ್ಯಪ್ ಕೂರಿಸಿದರು. ಆ ಹೆಸರು ಎಷ್ಟರಮಟ್ಟಿಗೆ ಹಿಡಿಸಿತು ಅಂದರೆ 2021ರಲ್ಲಿ ಕಂಪನಿಯೇ ತನ್ನ ಹೆಸರನ್ನು ಕಲ್ಟ್‌ಫಿಟ್ ಅಂತ ಬದಲಾಯಿಸಿಕೊಂಡಿತು.

ಈಗ ಕ್ಲಾಸ್ ಒಳಗೆ ಬನ್ನಿ. ಆ್ಯಪ್ ತೆರೆದರೆ ಹತ್ತಿರದ ಸೆಂಟರ್, ಸಮಯ, ಕ್ಲಾಸ್ ಹೆಸರು, ಟ್ರೈನರ್ ಹೆಸರು ಸಾಲಾಗಿ ಕಾಣುತ್ತವೆ. ಬುಕ್ ಮಾಡಬೇಕು, ತುಂಬಿದ್ದರೆ ವೇಟ್‌ಲಿಸ್ಟ್. ಥೇಟ್ ಬಟ್ಟೆ ಆ್ಯಪ್‌ನಲ್ಲಿ ನಮ್ಮ ಸೈಜ್ ಖಾಲಿಯಾದ ಹಾಗೆ! ಇಲ್ಲಿ ಮಾರುತ್ತಿರುವುದು ಮಶೀನ್ ಅಲ್ಲ, ಐವತ್ತು ನಿಮಿಷ. ಆ ಐವತ್ತು ನಿಮಿಷದಲ್ಲಿ ಏನೇನು ಮಾಡಬೇಕು ಅಂತ ಮೊದಲೇ ಗೆರೆ ಎಳೆದು ಇಟ್ಟಿರುತ್ತಾರೆ. ವಾರ್ಮ್ ಅಪ್, ನಡುವೆ ಉಸಿರು ಕಟ್ಟಿಸುವ ಭಾಗ, ಕೊನೆಗೆ ಸ್ಟ್ರೆಚ್. ಜಯನಗರದಲ್ಲಿ ಹೋದರೂ ಅದೇ, ವೈಟ್‌ಫೀಲ್ಡ್‌ನಲ್ಲಿ ಹೋದರೂ ಹೆಚ್ಚುಕಡಿಮೆ ಅದೇ. ಟ್ರೈನರ್ ಮೈಕ್ ಹಾಕಿಕೊಂಡು ಕೂಗುತ್ತಿರುತ್ತಾರೆ, ಹಾಡು ಅದಕ್ಕಿಂತ ಜೋರಾಗಿ ಕೂಗುತ್ತಿರುತ್ತದೆ. ಹಿಂದಿನ ಸಾಲಿನ ಮೂಲೆಯಲ್ಲಿ ನಿಂತರೆ ಕಣ್ಣಿಗೆ ಬೀಳುವುದಿಲ್ಲ ಅಂದುಕೊಳ್ಳಬೇಡಿ. ನನ್ನ ಪಕ್ಕದಲ್ಲಿ ಅರವತ್ತರ ಹತ್ತಿರದ ಒಬ್ಬರು ಬಸ್ಕಿ ಹೊಡೆಯುತ್ತಿದ್ದರು. ಟ್ರೈನರ್ ಹುಡುಗ ಅಲ್ಲಿಯತನಕ ಇಂಗ್ಲಿಷ್, ಹಿಂದಿ ಬೆರೆಸಿ ಮಾತಾಡುತ್ತಿದ್ದವನು ಓಡಿ ಬಂದು, ಮೈಕ್ ಪಕ್ಕಕ್ಕೆ ಸರಿಸಿ, "ಆಂಟಿ, ಮಂಡಿ ಒಳಗೆ ಬರ್ತಾ ಇದೆ, ಹೊರಗಡೆಗೆ ತಳ್ಳಿ" ಅಂದ. "ತಳ್ತಾನೇ ಇದೀನಪ್ಪ, ಅದು ಕೇಳ್ಬೇಕಲ್ಲ" ಅಂದರು ಅವರು. ಆಮೇಲೆ ಅವನೇ ಒಂದು ಪುಟ್ಟ ರಬ್ಬರ್ ಬ್ಯಾಂಡ್ ತಂದು ಅವರ ಮಂಡಿಯ ಮೇಲೆ ಹಾಕಿದ. ಬ್ಯಾಂಡ್ ಒಳಗೆ ಎಳೆಯುತ್ತದೆ, ಕಾಲು ತಾನಾಗಿ ಹೊರಗೆ ಒತ್ತುತ್ತದೆ. ಮುಂದಿನ ಹತ್ತು ಬಸ್ಕಿ ಸರಿಯಾಗಿ ಬಂತು. ಇದು ಒಳ್ಳೆ ಟ್ರೈನರ್‌ನ ಗುಣ, ಆ್ಯಪ್‌ನ ಗುಣ ಅಲ್ಲ. ಅದಕ್ಕೇ ಬುಕ್ ಮಾಡುವಾಗ ಸಮಯಕ್ಕಿಂತ ಮೊದಲು ಟ್ರೈನರ್ ಹೆಸರು ನೋಡಿ.

ಎಚ್‌ಆರ್‌ಎಕ್ಸ್ ಅನ್ನುವ ಒಂದು ಕ್ಲಾಸ್ ಇದೆ. ಹೃತಿಕ್ ರೋಷನ್ ಹೆಸರಿನದ್ದು. ಆ ಹೆಸರು ಎಲ್ಲಿಂದ ಬಂತು ಗೊತ್ತಾ? 2013ರಲ್ಲಿ ಮಿಂತ್ರಾದಲ್ಲಿ ಶುರುವಾದ ಟೀ ಶರ್ಟ್, ಶೂ ಬ್ರಾಂಡ್ ಅದು. ಆಗ ಮಿಂತ್ರಾ ನಡೆಸುತ್ತಿದ್ದವರು ಇದೇ ಬನ್ಸಲ್. ಮೈಮೇಲೆ ಹಾಕಿಕೊಳ್ಳುತ್ತಿದ್ದ ಹೆಸರು ಆಮೇಲೆ ಮೈ ಬೆವರಿಸುವ ಕ್ಲಾಸ್ ಆಯಿತು. ಈಗ ಕಲ್ಟ್ ತಾನೇ ಶೂ, ಬಟ್ಟೆ, ಸೈಕಲ್, ಟ್ರೆಡ್‌ಮಿಲ್ ಎಲ್ಲ ಮಾರುತ್ತದೆ. ಮನುಷ್ಯ ಕಸುಬು ಬದಲಾಯಿಸಿದರೂ ಕೈ ಹಳೆಯದನ್ನೇ ಹುಡುಕುತ್ತದೆ, ಅಲ್ವಾ?

ಇದರಲ್ಲಿ ಜಿಮ್‌ಗೆ ಬರುವವರಿಗೆ ಒಂದು ಲಾಭವೂ ಇದೆ. ಸಾಮಾನ್ಯ ಜಿಮ್ ಲೆಕ್ಕ ಏನು? ವರ್ಷದ ದುಡ್ಡು ಒಂದೇ ಸಲ ಕಟ್ಟಿಸಿಕೊಳ್ಳುವುದು, ಯುಗಾದಿ ಹೊತ್ತಿಗೆ ಅರ್ಧ ಜನ ಬರುವುದನ್ನು ಬಿಡುವುದು, ಬಂದವರಿಗೆ ಜಾಗ ಸಾಕಾಗುವುದು. ದುಡ್ಡು ಕಟ್ಟಿದವರೆಲ್ಲ ಒಂದೇ ದಿನ ಬಂದರೆ ನಿಲ್ಲಲೂ ಜಾಗ ಇರುವುದಿಲ್ಲ. ಹಿಂದೆ ನಮ್ಮ ಏರಿಯಾದಲ್ಲಿ ಒಂದು ಜಿಮ್ ಇತ್ತು. ಹೆಸರು ಬೇಡ. "ಇವತ್ತೇ ಲಾಸ್ಟ್ ಡೇಟ್ ಸರ್" ಅಂತ ಹೇಳಿ ವರ್ಷದ್ದು ಕಟ್ಟಿಸಿಕೊಂಡರು. ನಾಲ್ಕು ತಿಂಗಳಿಗೆ ಶಟರ್ ಎಳೆದು ಬೀಗ ಹಾಕಿಕೊಂಡು ಹೋದರು. ಫೋನ್ ಮಾಡಿದರೆ ಸ್ವಿಚ್ ಆಫ್. ಆ ಮಾಲೀಕರು ಮುಂಚೆ ಏನು ಮಾಡುತ್ತಿದ್ದರು ಅಂತ ಆಮೇಲೆ ವಿಚಾರಿಸಿದೆ. ಸೈಟ್ ಮಾರಾಟ! ಕಲ್ಟ್‌ನಲ್ಲಿ ಕ್ಲಾಸ್‌ಗೆ ಇಷ್ಟೇ ಸೀಟು ಅಂತ ಇರುವುದರಿಂದ, ಬುಕ್ ಮಾಡಿದವರು ಬರಲೇಬೇಕು ಅನ್ನುವ ಒತ್ತಾಯ ವ್ಯವಸ್ಥೆಯೊಳಗೇ ಇದೆ. ಊರಿಗೆ ಹೋದರೆ ಪಾಸನ್ನು ಕೆಲವು ದಿನ ತಡೆಹಿಡಿದು ಇಡುವ ಸೌಲಭ್ಯವೂ ಇದೆ. ಮದುವೆ ಸೀಸನ್‌ನಲ್ಲಿ ಊರೂರು ತಿರುಗುವ ನಮ್ಮಂಥವರಿಗೆ ಇದು ದೊಡ್ಡ ಉಪಕಾರ.

ಹಾಗಂತ ಬನ್ಸಲ್ ಕೈ ಇಟ್ಟದ್ದೆಲ್ಲ ಚಿನ್ನ ಆಗಲಿಲ್ಲ. ವ್ಯಾಯಾಮಕ್ಕೆ ಕಲ್ಟ್, ಊಟಕ್ಕೆ ಈಟ್‌ಫಿಟ್, ಮನಸ್ಸಿಗೆ ಮೈಂಡ್‌ಫಿಟ್, ಡಾಕ್ಟರ್‌ಗೆ ಕೇರ್‌ಫಿಟ್ ಅಂತ ಒಂದೇ ಆ್ಯಪ್‌ನಲ್ಲಿ ಎಲ್ಲವನ್ನೂ ತುಂಬಲು ಹೊರಟರು. 2020ರಲ್ಲಿ ಕೊರೊನಾ ಬಂದು ಸೆಂಟರ್‌ಗಳೆಲ್ಲ ಮುಚ್ಚಿದವು. ಆ ಮೇ ತಿಂಗಳಲ್ಲಿ ಸುಮಾರು 800 ಜನರನ್ನು ಕೆಲಸದಿಂದ ತೆಗೆದರು ಅಂತ ಪತ್ರಿಕೆಗಳಲ್ಲಿ ಬಂತು, ಸಣ್ಣ ಊರುಗಳ ಸೆಂಟರ್‌ಗಳಿಗೆ ಬಾಗಿಲು ಬಿತ್ತು. ಕ್ಲಾಸ್‌ಗಳು ಫೋನ್ ಒಳಗೆ ಹೋದವು. ಈಟ್‌ಫಿಟ್ ಬೇರೆಯಾಗಿ ನಗೋರಿಯವರ ಕ್ಯೂರ್‌ಫುಡ್ಸ್ ಪಾಲಾಯಿತು. ಇವತ್ತು ಅದೇ ಕ್ಯೂರ್‌ಫುಡ್ಸ್ ಕೈಯಲ್ಲಿ ಕೇಕ್ ಬ್ರಾಂಡ್ ಇದೆ, ಶರೀಫ್ ಭಾಯ್ ಬಿರಿಯಾನಿಯೂ ಇದೆ. ಕ್ಯಾಲರಿ ಎಣಿಸಿ ಡಬ್ಬಿ ತುಂಬುತ್ತಿದ್ದವರು ಕೊನೆಗೆ ಬೆಂಗಳೂರಿನ ಬಾಯಿ ಏನು ಕೇಳುತ್ತದೋ ಅದಕ್ಕೇ ಬಂದರು. ನನಗಂತೂ ಇದರಲ್ಲಿ ದೂರು ಇಲ್ಲ.

2021ರಲ್ಲಿ ಟಾಟಾ ಡಿಜಿಟಲ್‌ನವರು ಕಲ್ಟ್‌ಫಿಟ್‌ಗೆ ದುಡ್ಡು ಹಾಕಿದರು, ಬನ್ಸಲ್ ಟಾಟಾ ಡಿಜಿಟಲ್‌ಗೆ ಅಧ್ಯಕ್ಷರಾಗಿ ಹೋದರು. ಅದೇ ವರ್ಷ ಝೊಮ್ಯಾಟೊ ಕೂಡ ದುಡ್ಡು ಹಾಕಿ, ತನ್ನ ಕೈಯಲ್ಲಿದ್ದ ಫಿಟ್ಸೊ ಅನ್ನುವ ಫಿಟ್‌ನೆಸ್ ಕಂಪನಿಯನ್ನು ಇವರಿಗೆ ಕೊಟ್ಟಿತು. 2024ರಲ್ಲಿ ಬನ್ಸಲ್ ನ್ಯೂರಿಕ್ಸ್ ಅಂತ ಎಐ ಕಂಪನಿ ಶುರು ಮಾಡಿದರು. ಕಲ್ಟ್‌ನ ದಿನದ ಆಡಳಿತ ಈಗ ಬೇರೆಯವರದ್ದು. ಇದನ್ನು ಯಾಕೆ ಹೇಳಿದೆ ಅಂದರೆ, ಇವರು ಜಿಮ್ಮಿಗೇ ಅಂಟಿಕೊಂಡು ಕೂರುವ ಪೈಕಿ ಅಲ್ಲ. ಕಟ್ಟುತ್ತಾರೆ, ಓಡುವಂತೆ ಮಾಡುತ್ತಾರೆ, ಮುಂದಕ್ಕೆ ಹೋಗುತ್ತಾರೆ.

ಇದಕ್ಕೆ ಪೂರ್ತಿ ಉಲ್ಟಾ ಇರುವವರು ಜೋ ಗೋಲ್ಡ್. 1965ರಲ್ಲಿ ಕ್ಯಾಲಿಫೋರ್ನಿಯಾದ ವೆನಿಸ್ ಕಡಲ ತೀರದಲ್ಲಿ ಗೋಲ್ಡ್ಸ್ ಜಿಮ್ ತೆಗೆದವರು. ಸ್ವತಃ ಕಟ್ಟುಮಸ್ತು ಆಳು, ಹಡಗಿನಲ್ಲಿ ದುಡಿದವರು, ಜಿಮ್‌ನ ಎಷ್ಟೋ ಮಶೀನ್‌ಗಳನ್ನು ತಾವೇ ಬೆಸುಗೆ ಹಾಕಿ ಮಾಡಿದ್ದರು. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಬೆವರು ಸುರಿಸಿದ್ದು ಅಲ್ಲೇ. ಆದರೆ 1970ರಲ್ಲಿ ಮಾರಿಬಿಟ್ಟರು, ಹೆಸರೂ ಜೊತೆಗೆ ಹೋಯಿತು. ಕೆಲವು ವರ್ಷದ ಮೇಲೆ ಮತ್ತೆ ಜಿಮ್ ತೆಗೆಯಬೇಕು ಅನಿಸಿದಾಗ ತಮ್ಮದೇ ಹೆಸರು ಬಳಸುವ ಹಾಗಿಲ್ಲ! ವರ್ಲ್ಡ್ ಜಿಮ್ ಅಂತ ಬೋರ್ಡ್ ಹಾಕಬೇಕಾಯಿತು. ಆ ಗೋಲ್ಡ್ಸ್ ಜಿಮ್‌ನ ಭಾರತದ ಫ್ರಾಂಚೈಸಿ 2022ರಲ್ಲಿ ಬಂದು ಸೇರಿದ್ದು ಕಲ್ಟ್ ಕೈಗೆ. ಮಶೀನ್ ಬೆಸೆದವರಿಗೆ ಹೆಸರು ಉಳಿಯಲಿಲ್ಲ, ಆ್ಯಪ್ ಮಾಡಿದವರಿಗೆ ಆ ಹೆಸರು ಬಂತು. ಭಾರ ಎತ್ತುವ ಮಂದಿಗೆ ಕಲ್ಟ್ ಕೊಡಬಲ್ಲದ್ದು ಈಗ ಇಂಥ ಜಿಮ್‌ಗಳ ಮೂಲಕವೇ. ಗ್ರೂಪ್ ಕ್ಲಾಸ್ ನಡೆಯುವ ಮೂಲ ಕಲ್ಟ್ ಸೆಂಟರ್‌ಗಳಲ್ಲಿ ಹೆಚ್ಚಾಗಿ ಇರುವುದು ಜನ, ನೆಲ, ಸಣ್ಣ ಡಂಬೆಲ್.

ಆದರೆ ಫಿಟ್‌ನೆಸ್ ಅನ್ನು ದೂರದಿಂದ ಮಾರುವ ಐಡಿಯಾ ಆ್ಯಪ್‌ನವರದ್ದು ಅಂತ ಯಾರಾದರೂ ಹೇಳಿದರೆ ಬೆಂಗಳೂರಿನವರು ಒಪ್ಪಬಾರದು. ನಮ್ಮ ಕೆ.ವಿ. ಅಯ್ಯರ್ ಇದ್ದರಲ್ಲ, 'ಶಾಂತಲಾ', 'ರೂಪದರ್ಶಿ' ಬರೆದ ಅಯ್ಯರ್, ಕೈಲಾಸಂ ಗೆಳೆಯರು. ಕಾದಂಬರಿಕಾರ ಅಂತ ಎಷ್ಟೋ ಜನಕ್ಕೆ ಗೊತ್ತು, ಅವರ ಅಸಲಿ ಕಸುಬು ವ್ಯಾಯಾಮಶಾಲೆ. ಹರ್ಕ್ಯುಲಿಸ್ ಜಿಮ್ನೇಷಿಯಂ ಅಂತ ಇಟ್ಟು, ಜೊತೆಗೆ ಅಂಚೆ ಮೂಲಕ ಅಂಗಸಾಧನೆ ಕಲಿಸುವ ಶಾಲೆಯನ್ನೂ ನಡೆಸಿದರು. 1930ರ ದಶಕದಲ್ಲೇ! ಬಾರ್‌ಬೆಲ್ ಜೊತೆಗೆ ಸೂರ್ಯ ನಮಸ್ಕಾರ, ಆಸನಗಳನ್ನೂ ಸೇರಿಸಿದರು, ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಜಾಹೀರಾತಿಗೆ ಸಿನಿಮಾ ನಟನನ್ನು ಕರೆಸಬೇಕಾಗಲಿಲ್ಲ, ತಮ್ಮ ಮೈಯ ಫೋಟೋವನ್ನೇ ಹಾಕಿದರು. ಆ ಫೋಟೋಗಳನ್ನು ಒಮ್ಮೆ ಹುಡುಕಿ ನೋಡಿ, ಕಲ್ಲಿನ ಶಿಲ್ಪದ ಹಾಗೆ ನಿಂತಿದ್ದಾರೆ. ನನ್ನ ಲೆಕ್ಕದಲ್ಲಿ ಈ ಊರಿನ ಮೊದಲ ಜಿಮ್ ಉದ್ಯಮಿ ಅವರೇ. ಬನ್ಸಲ್ ಹತ್ತಿರ ಇರುವುದು ಇವರ ಹತ್ತಿರ ಇರಲಿಲ್ಲ: ಬಂಡವಾಳ. ಇವರ ಹತ್ತಿರ ಇದ್ದದ್ದು ಬನ್ಸಲ್ ಹತ್ತಿರ ಇಲ್ಲ. ಅದನ್ನು ಫೋಟೋ ನೋಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ದುಡ್ಡಿನ ಮಾತು. ಕಲ್ಟ್‌ನಲ್ಲಿ ಎರಡು ಮುಖ್ಯ ಪಾಸ್. ಎಲೀಟ್ ತಗೊಂಡರೆ ಗ್ರೂಪ್ ಕ್ಲಾಸ್, ಜಿಮ್ ಎರಡೂ. ಪ್ರೊ ಮುಖ್ಯವಾಗಿ ಜಿಮ್‌ಗಳಿಗೆ, ಬೆಲೆ ಕಡಿಮೆ. ರೇಟು ಊರಿಗೊಂದು, ಆಫರ್‌ಗೊಂದು. ಬಟ್ಟೆ ಮಾರಿದವರ ಅಂಗಡಿ ಇದು, ಡಿಸ್ಕೌಂಟ್ ಇಲ್ಲದ ತಿಂಗಳು ಕಡಿಮೆ. ಹಾಗಾಗಿ "ಇವತ್ತೇ ಕೊನೆ" ಅಂತ ಯಾವ ಜಿಮ್‌ನವರು ಹೇಳಿದರೂ ಅವಸರ ಬೇಡ. ಇನ್ನೊಂದು, 2025ರ ಸೆಪ್ಟೆಂಬರ್ 22ರಿಂದ ಜಿಮ್ ಮೇಲಿನ ಜಿಎಸ್‌ಟಿ 18%ರಿಂದ 5%ಗೆ ಇಳಿದಿದೆ. ಕಲ್ಟ್ ಇರಲಿ, ಪಕ್ಕದ ಬೀದಿಯ ಜಿಮ್ ಇರಲಿ, ಬಿಲ್ ಕೇಳಿ ತಗೊಂಡು ಆ ಸಾಲು ನೋಡಿ.

ಎಲೀಟ್ ಯಾರಿಗೆ? ಒಬ್ಬರೇ ಹೋದರೆ ಮೂರನೇ ದಿನಕ್ಕೆ ಸೋಮಾರಿತನ ಬರುವವರಿಗೆ, ಮನೆಗೂ ಆಫೀಸಿಗೂ ನಡುವೆ ಸಿಲ್ಕ್ ಬೋರ್ಡ್ ಇರುವವರಿಗೆ (ಎರಡೂ ಕಡೆ ಸೆಂಟರ್ ಸಿಗುತ್ತದೆ), ಡ್ಯಾನ್ಸು, ಬಾಕ್ಸಿಂಗು, ಯೋಗ ಅಂತ ದಿನಕ್ಕೊಂದು ಬೇಕಿರುವವರಿಗೆ. ಬೆನ್ನು ನೋವು, ಮಂಡಿ ನೋವು ಇರುವವರಿಗೆ ನಾನು ಹೇಳುವುದಿಲ್ಲ. ಇಪ್ಪತ್ತು ಜನರ ನಡುವೆ ಒಬ್ಬ ಟ್ರೈನರ್ ಎಷ್ಟೇ ಚುರುಕಾಗಿದ್ದರೂ ನಿಮ್ಮ ಮಂಡಿಯನ್ನೇ ನೋಡಿಕೊಂಡು ನಿಲ್ಲಲು ಆಗುವುದಿಲ್ಲ. ಮೊದಲು ಫಿಸಿಯೋ ಹತ್ತಿರ ಹೋಗಿ. ಸ್ಮಾರ್ಟ್‌ಫೋನ್ ಅಂದರೆ ತಲೆಬಿಸಿ ಅನ್ನುವ ಅಪ್ಪ ಅಮ್ಮನಿಗೆ ಕೊಡಿಸುವುದಾದರೆ ಬುಕ್ ಮಾಡುವ ಕೆಲಸ ನಿಮ್ಮದೇ ಆಗುತ್ತದೆ, ಅದಕ್ಕೆ ತಯಾರಾಗಿ. ಮತ್ತೆ ಸೀದಾ ವರ್ಷದ ಪಾಸ್‌ಗೆ ಕೈ ಹಾಕಬೇಡಿ, ಟ್ರಯಲ್ ಕ್ಲಾಸ್ ಕೇಳಿ. ಅದನ್ನು ಭಾನುವಾರ ಆರಾಮಾಗಿ ಮಾಡಬೇಡಿ. ನೀವು ನಿಜವಾಗಿ ಹೋಗುವ ಹೊತ್ತಿಗೆ, ಅಂದರೆ ವಾರದ ನಡುವೆ ಸಂಜೆ ಏಳಕ್ಕೆ, ಆಫೀಸ್ ಬ್ಯಾಗ್ ಸಮೇತ ಹೋಗಿ. ಆಗ ಸೀಟು ಸಿಗುತ್ತದಾ, ಗಾಡಿ ನಿಲ್ಲಿಸಲು ಜಾಗ ಇದೆಯಾ ಅನ್ನುವುದು ಅವತ್ತೇ ಗೊತ್ತಾಗುತ್ತದೆ.