ಮರಿ ಹಿತ್ತಲು ಅಗೆಯುತ್ತಿದ್ದರೆ: ಮೆಣಸಿನಪುಡಿ, ಜಾಲರಿ, ಸರಪಳಿ, ಮರಳುಗುಂಡಿ, ಯಾವುದು ಮೇಲು?

ನಾಯಿಮರಿ ಹಿತ್ತಲು ಅಗೆಯಲು ಶುರುಮಾಡಿತೆಂದರೆ ಮನೆಗೆ ಬಂದವರೆಲ್ಲ ಒಂದೊಂದು ಮದ್ದು ಹೇಳಿ ಹೋಗುತ್ತಾರೆ. ಮೆಣಸಿನಪುಡಿ ಎರಚಿ, ನಿಂಬೆಸಿಪ್ಪೆ ಹಾಕಿ, ಕಟ್ಟಿಹಾಕಿ, ನಾಲ್ಕು ಏಟು ಬಿಡಿ. ತುಮಕೂರಿನ ನಮ್ಮ ಮನೆಯ ಹಿತ್ತಲು ದೊಡ್ಡದಲ್ಲ. ಎರಡು ಬಾಳೆ, ಒಂದು ನುಗ್ಗೆ, ಒಂದು ಕರಿಬೇವು, ಕನಕಾಂಬರದ್ದೊಂದು ಪಾತಿ, ಸೊಪ್ಪಿನದ್ದೊಂದು ಪಾತಿ. ಕೆಂಚಿ ಬಂದಾಗ ಮೂರು ತಿಂಗಳ ನಾಟಿ ಮರಿ. ಬೇಸಿಗೆಯಿಂದ ಮಳೆಗಾಲದವರೆಗೆ ಈ ಉಪಾಯಗಳಲ್ಲಿ ಹಲವನ್ನು ಒಂದೇ ಹಿತ್ತಲಲ್ಲಿ, ಒಂದೇ ಮರಿಯ ಮೇಲೆ ನೋಡಿದ್ದೇವೆ. ಮರಳುಗುಂಡಿಯೇ ಮೇಲು ಅನ್ನುವುದು ನನ್ನ ತೀರ್ಮಾನ. ಆದರೆ ಅದೊಂದರಿಂದಲೇ ಆಗುವುದಿಲ್ಲ, ಮತ್ತು ಜನ ಹೇಳುವ ಉಪಾಯಗಳಲ್ಲಿ ಒಂದೆರಡು ಮರಿಯ ಜೀವಕ್ಕೇ ಕೇಡು.

ಯಾವ ಉಪಾಯ ಹಿಡಿಯಬೇಕು ಅನ್ನುವುದನ್ನು ಗುಂಡಿ ಇರುವ ಜಾಗವೇ ಹೇಳುತ್ತದೆ. ಕೆಂಚಿಯ ಗುಂಡಿಗಳು ನಾಲ್ಕು ಕಡೆ ಬೀಳುತ್ತಿದ್ದವು: ನೀರಿನ ತೊಟ್ಟಿಯ ಮಗ್ಗುಲಲ್ಲಿ, ಕನಕಾಂಬರದ ಬುಡದಲ್ಲಿ, ಕಾಂಪೌಂಡ್ ಗೋಡೆಯ ಉದ್ದಕ್ಕೆ, ಮತ್ತೆ ಸಂಜೆ ಹೊತ್ತು ಎಲ್ಲೆಂದರಲ್ಲಿ. ನಾಲ್ಕಕ್ಕೂ ಕಾರಣ ಬೇರೆ ಬೇರೆ.

ತೊಟ್ಟಿಯ ಮಗ್ಗುಲಿನದು ಸೆಕೆಗೆ ತೋಡಿದ್ದು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಅಂಗಾಲಲ್ಲಿ ಒಂದಿಷ್ಟು ಬೆವರು, ಉಳಿದದ್ದೆಲ್ಲ ನಾಲಗೆ ಚಾಚಿ ಏದುಸಿರು ಬಿಟ್ಟೇ ತಣಿಯಬೇಕು. ಹೊಟ್ಟೆಯ ಕೆಳಗೆ ಕೂದಲು ತೆಳು, ಹಾಗಾಗಿ ಮೇಲಿನ ಕಾದ ಮಣ್ಣು ಬಗೆದು ಒಳಗಿನ ತಂಪಿಗೆ ಹೊಟ್ಟೆ ಒತ್ತಿ ಮಲಗುತ್ತದೆ. ಏಪ್ರಿಲ್ ಬಿಸಿಲಲ್ಲಿ ಅದನ್ನು ಬೆದರಿಸಿ ಎಬ್ಬಿಸುವುದು ನ್ಯಾಯವಲ್ಲ. ನುಗ್ಗೆ ಮರದ ನೆರಳಲ್ಲಿ ಒದ್ದೆ ಗೋಣಿಚೀಲ ಹಾಸಿ, ಪಕ್ಕದಲ್ಲಿ ಅಗಲ ಬಾಯಿಯ ಮಣ್ಣಿನ ಬಾನಿಯಲ್ಲಿ ನೀರಿಟ್ಟೆವು. ಗೋಣಿ ಒಣಗಿದಾಗಲೆಲ್ಲ ನೀರು ಚಿಮುಕಿಸುವುದು ಅತ್ತೆಯ ಕೆಲಸವಾಯಿತು. ತೊಟ್ಟಿಯ ಹತ್ತಿರದ ಗುಂಡಿಗೆ ಬೇರೆ ಯಾವ ಮದ್ದೂ ಬೇಕಾಗಲಿಲ್ಲ.

ಕನಕಾಂಬರದ ಬುಡದ್ದು ವಾಸನೆಯ ಗುಂಡಿ. ಗಿಡಕ್ಕೆ ಕಡಲೆಕಾಯಿ ಹಿಂಡಿ ಹಾಕಿದ ಮರುದಿನವೇ ಅವಳು ಅಲ್ಲಿರುತ್ತಿದ್ದಳು. ಮೂಳೆ ಗೊಬ್ಬರ, ಮೀನಿನ ಗೊಬ್ಬರ ಹಾಕಿದರೂ ಇದೇ ಪಾಡು, ಅವು ನಾಯಿಯ ಪಾಲಿಗೆ ಊಟ. ಹಿಂಡಿಯ ಬದಲು ಚೆನ್ನಾಗಿ ಕಳಿತ ಎರೆಗೊಬ್ಬರ ಹಾಕತೊಡಗಿದ ಮೇಲೆ ಪಾತಿಯ ಆಸೆ ಬಹಳ ಇಳಿಯಿತು. ನಾಯಿ ಸಾಕಿದ ಯಾರಾದರೂ ಇದೊಂದನ್ನು ದಯವಿಟ್ಟು ನೆನಪಿಡಿ: ಹರಳು ಹಿಂಡಿ ಹಿತ್ತಲಿಗೆ ತರಲೇಬೇಡಿ. ಹರಳು ಬೀಜದ ವಿಷ ಎಣ್ಣೆ ತೆಗೆದ ಮೇಲೂ ಹಿಂಡಿಯಲ್ಲಿ ಉಳಿದಿರಬಹುದು, ಅದರ ವಾಸನೆಗೆ ಬಂದು ತಿಂದ ನಾಯಿಗಳು ಸತ್ತಿವೆ. ಬಸವನಹುಳುವಿಗೆ ಹಾಕುವ ವಿಷದ ಗುಳಿಗೆಯೂ ಅಷ್ಟೇ ಅಪಾಯ.

ಗೋಡೆಯ ಉದ್ದದ ಗುಂಡಿಗೆ ಕಾರಣ ಹೆಗ್ಗಣ. ಬಿಲದಲ್ಲಿ ಸದ್ದಾದರೆ ಯಾವ ಮರಿ ತಾನೇ ಸುಮ್ಮನಿದ್ದೀತು? ಇಲಿ ಪಾಷಾಣ ಇಟ್ಟರೆ ಮೊದಲು ಅಪಾಯ ಮರಿಗೇ, ಆಮೇಲೆ ಸತ್ತ ಹೆಗ್ಗಣ ಕಚ್ಚಿದರೂ ಅಪಾಯ. ನಾವು ಬೋನು ಇಟ್ಟು, ಬಿಲಗಳಿಗೆ ಇಟ್ಟಿಗೆ ಚೂರು ತುಂಬಿ ಸಿಮೆಂಟು ಮೆತ್ತಿದೆವು.

ಇನ್ನು ಜನ ಹೇಳುವ ಉಪಾಯಗಳು. ಮೆಣಸಿನಪುಡಿಯನ್ನು ನಾವು ಹಾಕಲಿಲ್ಲ, ಹಾಕುವುದೂ ಇಲ್ಲ. ಮೂಗನ್ನೇ ನೆಲಕ್ಕಿಟ್ಟು ಬದುಕುವ ಪ್ರಾಣಿ ಅದು. ಖಾರ ಮೂಗಿಗೆ ಹೋದರೆ ಪಂಜದಿಂದ ಉಜ್ಜುತ್ತದೆ, ಪಂಜದ ಖಾರ ಕಣ್ಣಿಗೆ ಹೋಗುತ್ತದೆ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ ಹಾಕುವುದು ಇನ್ನೂ ಕೆಟ್ಟದ್ದು, ಮರಿ ನುಂಗಿದರೆ ವಿಷ. ನಿಂಬೆ, ಮೋಸಂಬಿ ಸಿಪ್ಪೆ ಅಷ್ಟು ಕೆಟ್ಟದ್ದಲ್ಲ, ಆದರೂ ಮರಿ ತಿಂದರೆ ಹೊಟ್ಟೆ ಕೆಡಬಹುದು. ಹಸಿಯಾಗಿರುವಷ್ಟು ಹೊತ್ತು ಕೆಂಚಿ ಮೂಗು ಸಿಂಡರಿಸಿ ದೂರ ಹೋಗುತ್ತಿದ್ದಳು. ಆದರೆ ನಮ್ಮ ಬಿಸಿಲಿಗೆ ಸಿಪ್ಪೆ ಬೇಗ ಒಣಗುತ್ತದೆ, ಅಷ್ಟರಲ್ಲಿ ಅವಳು ಒಂದು ಮೊಳ ಆಚೆ ಹೊಸ ಗುಂಡಿ ಶುರುಮಾಡಿರುತ್ತಾಳೆ.

ಅಗೆದ ಗುಂಡಿಗೆ ಅದರದ್ದೇ ಹೇಲು ಹಾಕಿ ಮುಚ್ಚುವುದು ಹಳೆಯ ಉಪಾಯ. ಅದನ್ನು ಗೋಡೆಯ ಕಡೆ ಒಂದು ಗುಂಡಿಯಲ್ಲಿ ನೋಡಿದೆವು. ಆ ಗುಂಡಿಗೆ ಮತ್ತೆ ಬರಲಿಲ್ಲ, ಪಕ್ಕಕ್ಕೆ ಹೋದಳು. ಕೊತ್ತಂಬರಿ, ಪುದೀನ ಕೀಳುವ ಪಾತಿಯ ಹತ್ತಿರ ಮಾತ್ರ ಇದು ಬೇಡವೇ ಬೇಡ. ನಾಯಿಯ ಜಂತುಹುಳುವಿನ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಮಕ್ಕಳು ಆಡುವ ಹಿತ್ತಲಾದರೆ ಇನ್ನೂ ಎಚ್ಚರ ಬೇಕು.

ಕಲ್ಲಿಗೂ ಜಾಲರಿಗೂ ಹೋಲಿಸಿದರೆ ನನ್ನ ಮತ ಜಾಲರಿಗೆ. ಗಿಡದ ಬುಡದ ಸುತ್ತ ಚಪ್ಪಡಿ ಕಲ್ಲಿನ ತುಂಡು ಜೋಡಿಸಿದಾಗ ಬಾಳೆಯ ಬುಡ ಉಳಿಯಿತು, ಅದು ನಿಜ. ಸಣ್ಣ ಪಾತಿಯಲ್ಲಿ ಕಲ್ಲಿಟ್ಟರೆ ಗಿಡಕ್ಕೇ ಜಾಗವಿಲ್ಲ, ಬಿಸಿಲಿಗೆ ಕಲ್ಲು ಕಾದು ಬೇರು ಬಾಡುತ್ತದೆ. ಕೋಳಿಗೂಡಿಗೆ ಹಾಕುವ ಜಾಲರಿ ಹಾರ್ಡ್‌ವೇರ್ ಅಂಗಡಿಯಲ್ಲಿ ಅಡಿ ಲೆಕ್ಕದಲ್ಲಿ ಸಿಗುತ್ತದೆ. ಪಾತಿಯ ಮೇಲೆ ಅದನ್ನು ಹಾಸಿ ಒಂದೂವರೆ ಎರಡು ಇಂಚು ಮಣ್ಣು ಮುಚ್ಚಿದೆವು. ಸೊಪ್ಪು ಕಣ್ಣುಗಳ ನಡುವೆಯೇ ಎದ್ದು ಬಂತು. ಪಂಜಕ್ಕೆ ತಂತಿ ತಗಲಿದರೆ ಅಗೆಯುವ ಸುಖವೇ ಇಲ್ಲವಲ್ಲ, ಅವಳು ಕೈಬಿಟ್ಟಳು. ಜಾಲರಿಯ ಕತ್ತರಿಸಿದ ಅಂಚನ್ನು ಕೆಳಗೆ ಮಡಚಿ ನೆಲಕ್ಕೆ ಹೂಳಬೇಕು, ಇಲ್ಲದಿದ್ದರೆ ಉಗುರು ಸಿಕ್ಕಿ ಕೀಳುತ್ತದೆ. ಮುಂದಿನ ಬೆಳೆಗೆ ಪಾತಿ ಅಗೆಯುವಾಗ ಅದನ್ನು ಎತ್ತಿ ಮತ್ತೆ ಹಾಸುವ ಕೆಲಸವೂ ಇದೆ.

ಸರಪಳಿ ಗಿಡಗಳನ್ನು ಉಳಿಸುತ್ತದೆ, ಮರಿಯನ್ನು ಕೆಡಿಸುತ್ತದೆ. ಗಿಡ ನೆಡುವ ದಿನ ಸ್ವಲ್ಪ ಹೊತ್ತು ಕಟ್ಟಿದ್ದಕ್ಕೇ ಕಟ್ಟಿದ ಜಾಗದ ಸುತ್ತ ನೆಲ ಬಗೆದು, ಬೊಗಳಿ ಬೊಗಳಿ ಗಂಟಲು ಒಣಗಿಸಿಕೊಂಡಳು. ದಿನವಿಡೀ ಕಟ್ಟಿಹಾಕುವವರು ತಿಳಿಯಬೇಕಾದ ಮಾತೊಂದಿದೆ: ಗಿಡ್ಡ ಸರಪಳಿಯಲ್ಲಿ ಅತಿಯಾಗಿ ಹೊತ್ತು ಕಟ್ಟುವುದು, ಕಟ್ಟಿಯೇ ಸಾಕುವ ನಾಯಿಯನ್ನು ಓಡಾಡಿಸದೆ ಇರುವುದು, ಎರಡೂ 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಕಲಮಿನ ಪ್ರಕಾರ ಅಪರಾಧ. ಗುಂಡಿ ತೋಡಿ ಎಷ್ಟೋ ಹೊತ್ತಾದ ಮೇಲೆ ಕರೆದು ಬೈಯುವುದೂ ವ್ಯರ್ಥ. ಬೈಗುಳ ಯಾವುದಕ್ಕೆಂದು ಮರಿಗೆ ಗೊತ್ತಾಗುವುದಿಲ್ಲ, ಕರೆದರೆ ಹತ್ತಿರ ಬರುವುದನ್ನೇ ಬಿಡುತ್ತದೆ.

ಉಳಿದದ್ದು ಸಂಜೆಯ ಗುಂಡಿ, ಸುಮ್ಮನೆ ಮೈಯ ಹುರುಪಿಗೆ ತೋಡುವಂಥದ್ದು. ಅದನ್ನು ನೋಡುತ್ತಾ ಅತ್ತೆಯೇ ಅಂದರು, "ಕೆರೆಯೋದು ಅದರ ಜಾತಿಗುಣ ಕಣಮ್ಮ, ಬಿಡು ಅಂದ್ರೆ ಬಿಟ್ಟೀತಾ? ಅದಕ್ಕೂ ಒಂದು ಜಾಗ ಮಾಡಿಕೊಡಿ." ಹಾಗೆ ಮಾಡಿದ್ದೇ ಮರಳುಗುಂಡಿ.

ನಾಲ್ಕಡಿ ಉದ್ದ, ಮೂರಡಿ ಅಗಲ, ಒಂದೂವರೆ ಅಡಿ ಆಳ. ನೀರು ಇಂಗಲೆಂದು ತಳಕ್ಕೆ ಇಟ್ಟಿಗೆ ಚೂರು, ಸುತ್ತ ಸಿಮೆಂಟ್ ಬ್ಲಾಕು. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಮರಳಿನ ಕಣ ಚೂಪು, ಪುಡಿ ಏಳುತ್ತದೆ. ಮನೆ ಕಟ್ಟಿದಾಗ ಉಳಿದ ಹೊಳೆ ಮರಳನ್ನೇ ಜರಡಿ ಹಿಡಿದು ಮೊಳೆ, ಗಾಜು ಆರಿಸಿ ತುಂಬಿದೆವು. ಮೊದಮೊದಲು ಅವಳ ಕಣ್ಣೆದುರೇ ಚೆಂಡು ಅರ್ಧ ಹೂತು ಬಿಡುತ್ತಿದ್ದೆವು, ಆಮೇಲೆ ಪೂರ್ತಿ. ತಿಂಡಿಯನ್ನು ಮರಳಲ್ಲಿ ಹೂಳಬೇಡಿ, ಅಂಟಿದ ಮರಳೂ ಹೊಟ್ಟೆಗೆ ಹೋಗಿ ಕರುಳು ಕಟ್ಟಬಹುದು. ಚೆಂಡು ತೆಗೆದಾಗ ಕೈಯಿಂದಲೇ ಮೊಟ್ಟೆಯ ಚೂರು ಕೊಟ್ಟರಾಯಿತು. ಪಾತಿ ಕೆರೆಯುವುದು ಕಂಡರೆ ಕೂಗಾಡದೆ ಹೆಸರು ಹಿಡಿದು ಕರೆದು ಮರಳಿಗೆ ತಂದು ಬಿಡಬೇಕು. ದುಡ್ಡಿಗಿಂತ ಇದಕ್ಕೆ ಬೇಕಾದದ್ದು ಜೊತೆಗೆ ನಿಲ್ಲುವ ಹೊತ್ತು. ಕೆಂಚಿಗೆ ಅಭ್ಯಾಸವಾಗಲು ವಾರಗಳೇ ಹಿಡಿದವು. ಬೆಳಗಿನ ಓಡಾಟದಲ್ಲಿ ದಾರಿಯುದ್ದಕ್ಕೂ ಮೂಸಲು ಬಿಟ್ಟ ದಿನ ಸಂಜೆಯ ಅಗೆತ ಕಡಿಮೆ, ಬಿಡುವಿಲ್ಲದೆ ಬೇಗ ಮುಗಿಸಿ ಬಂದ ದಿನ ಜಾಸ್ತಿ.

ಮರಳುಗುಂಡಿ ಸೋಲುವುದು ಮಳೆಗಾಲದಲ್ಲಿ. ಮೊದಲ ಮಳೆಗೆ ಮಣ್ಣು ಮೆತ್ತಗಾಗಿ ಗೊಣ್ಣೆಹುಳು, ಎರೆಹುಳು ಮೇಲೆ ಬಂದಾಗ ಕೆಂಚಿ ಮತ್ತೆ ಪಾತಿಗೆ ನುಗ್ಗಿದಳು. ಆಗ ಸೊಪ್ಪು ಉಳಿಸಿದ್ದು ಜಾಲರಿ. ಒದ್ದೆ ಮರಳಿನಲ್ಲಿ ಕೊಕ್ಕೆಹುಳುವಿನ ಮರಿಗಳು ಚೆನ್ನಾಗಿ ಬದುಕುತ್ತವೆ, ಚರ್ಮದ ಮೂಲಕವೇ ಮೈಗೆ ಇಳಿಯುತ್ತವೆ. ಅದಕ್ಕೇ ರಾತ್ರಿ ಹೊತ್ತು, ಮಳೆ ಹೊತ್ತು ಮರಳಿಗೆ ಟಾರ್ಪಾಲು ಮುಚ್ಚುತ್ತೇವೆ. ಬೀದಿ ಬೆಕ್ಕುಗಳೂ ಬಂದು ಹೊಲಸು ಮಾಡುವುದಿಲ್ಲ. ಬಿಸಿಲು ಬಂದ ದಿನ ತೆಗೆದು ಗುದ್ದಲಿಯಿಂದ ಮರಳು ತಿರುವಿ ಹಾಕಬೇಕು, ಜಂತುಹುಳುವಿನ ಔಷಧಿಯನ್ನು ಪಶುವೈದ್ಯರು ಹೇಳಿದ ತಾರೀಖಿಗೇ ಕೊಡಬೇಕು.