ಆಮ್‌ಸ್ಟರ್‌ಡ್ಯಾಮ್: ಮಕ್ಕಳ ಜೊತೆ ಎಲ್ಲಿ ಉಳಿಯುವುದು?

ನಗರದ ಮಧ್ಯದ ಹಳೇ ಬಡಾವಣೆ ಯೋರ್ದಾನ್, ನೀರಿನಾಚೆಯ ಉತ್ತರ ಭಾಗ ನೋರ್ಡ್, ಹತ್ತಿರದ ಬೇರೆ ಊರು ಹಾರ್ಲೆಮ್, ಈ ಮೂರರಲ್ಲಿ ಓಡಾಟ ಸುಲಭವಾಗಿರುವುದು ಯೋರ್ದಾನ್‌ನಲ್ಲಿ. ಕಾಲುವೆಗಳು ಅಲ್ಲೇ ಇವೆ, ಆನ್ ಫ್ರಾಂಕ್ ಮನೆಗೆ ನಡೆದೇ ಹೋಗಬಹುದು. ಮಧ್ಯಾಹ್ನ ಮಗುವಿಗೆ ನಿದ್ದೆ ಬಂದರೆ ರೂಮಿಗೆ ವಾಪಸ್ ಬರಬಹುದು. ಚಿಕ್ಕ ಮಕ್ಕಳಿದ್ದರೆ ನನಗೆ ಇದೇ ಮುಖ್ಯ. ಆದರೆ ಹಳೇ ಮನೆಗಳ ಮೆಟ್ಟಿಲು ತುಂಬಾ ಕಡಿದು. ಮಂಡಿನೋವಿರುವ ಅಜ್ಜಿ ಬರುವುದಾದರೆ ಲಿಫ್ಟ್ ಇದೆಯೇ ಎಂದು ಮೊದಲೇ ಕೇಳಿ.

ಖರ್ಚು? ಯೋರ್ದಾನ್‌ನಲ್ಲಿ ಬಾಡಿಗೆ ಜಾಸ್ತಿ. ನೋರ್ಡ್‌ಗೆ ಸೆಂಟ್ರಲ್ ಸ್ಟೇಷನ್ ಹಿಂದಿನಿಂದ ಹೊರಡುವ ಫೆರಿ ಉಚಿತ. ಸ್ಟ್ರಾಲರ್ ತಳ್ಳಿಕೊಂಡೇ ಹತ್ತಬಹುದು. ಮಕ್ಕಳಿಗೆ ಅದೇ ಒಂದು ದೋಣಿ ಸವಾರಿ, ಅಲ್ವಾ? ಹಾರ್ಲೆಮ್‌ನಿಂದ ರೈಲಿನಲ್ಲಿ ಸುಮಾರು 15–20 ನಿಮಿಷ. ದಿನಾ ಎಲ್ಲರ ಟಿಕೆಟ್ ಲೆಕ್ಕ ಹಾಕಿಕೊಳ್ಳಿ.

ನಾಲ್ಕೈದು ದಿನವಿದ್ದು, ಗದ್ದಲ ಬೇಡ, ಒಂದು ದಿನ ಸಮುದ್ರದ ಹತ್ತಿರ ಕಳೆಯೋಣ ಎನ್ನುವವರಿಗೆ ಹಾರ್ಲೆಮ್ ಒಪ್ಪುತ್ತದೆ. ಎರಡೇ ದಿನವಾದರೆ ಅಷ್ಟು ದೂರ ಬೇಡ.