ಇಬ್ಬರ ಟೆಂಟ್, ಭೀಮೆಯ ದಂಡೆ: ಮಳೆಗಿಂತ ಸೊಳ್ಳೆಗೇ ಜಾಸ್ತಿ ಉಪಯೋಗಕ್ಕೆ ಬಂತು

ಐದು ನಕ್ಷತ್ರಕ್ಕೆ ಮೂರೂವರೆ. ಪೆಟ್ಟಿಗೆ ಒಡೆದ ದಿನವೇ ಫೋಟೋ ತೆಗೆದು ಬರೆದ ಮಾತಲ್ಲ ಇದು. ಈ ಟೆಂಟ್ ಪುಣೆ ಹತ್ತಿರದ ತಾಮ್ಹಿಣಿ ಘಾಟಿನ ಜುಲೈ ಮಳೆ ಕಂಡಿದೆ, ಮುಳಶಿ ಹಿನ್ನೀರಿನ ಗಾಳಿ ತಿಂದಿದೆ. ಆಮೇಲೆ ಚಳಿಗಾಲದಲ್ಲಿ ನನ್ನ ಮತ್ತು ನಮ್ಮನೆಯವರ ಸೈಕಲ್‌ಗಳ ಮೇಲೆ ಕೂತು ಪುಣೆಯಿಂದ ಭೀಮಾ ನದಿಗುಂಟ ಕಲಬುರಗಿ ಜಿಲ್ಲೆಯ ಸನ್ನತಿಯ ತನಕ ಬಂದಿದೆ. ಇದನ್ನು ಮಾರುವವರು ದೊಡ್ಡದಾಗಿ ಹೇಳುವುದು ಮಳೆಯ ವಿಷಯ. ನಮಗೆ ನಿಜವಾಗಿ ಕಾಟ ಕೊಟ್ಟಿದ್ದು ಇಬ್ಬನಿ, ಸೊಳ್ಳೆ, ಜಾಲಿ ಮುಳ್ಳು. ಮಳೆ ಪಟ್ಟಿಯಲ್ಲಿ ನಾಲ್ಕನೆಯದು. ಹಾಗಾಗಿ ವಿಮರ್ಶೆಯೂ ಅದೇ ಲೆಕ್ಕದಲ್ಲಿ ಇದೆ.

ಮೊದಲು ಅಳತೆ ಹೇಳಿಬಿಡುತ್ತೇನೆ. ಗೂಟ, ಚೀಲ ಎಲ್ಲ ಸೇರಿ 2.4 ಕಿಲೋ. ಒಳಗೆ 210 ಸೆಂಟಿಮೀಟರ್ ಉದ್ದ, 130 ಅಗಲ. ಅಲ್ಯೂಮಿನಿಯಂ ಪೋಲು. ಆ ಕಡೆ ಒಂದು ಬಾಗಿಲು, ಈ ಕಡೆ ಒಂದು. ಮೇಲೆ ಪಾಲಿಯೆಸ್ಟರ್ ಹೊದಿಕೆ, ಒಳಗೆ ಮುಕ್ಕಾಲು ಭಾಗ ಜಾಲರಿ.

ಇಬ್ಬರ ಟೆಂಟ್ ಅಂದರೆ ಇಬ್ಬರು ಮಲಗಬಹುದು, ಅಷ್ಟೇ. ಸೈಕಲ್ಲಿನ ಪಕ್ಕಕ್ಕೆ ತೂಗುಹಾಕುವ ನಾಲ್ಕು ಪ್ಯಾನಿಯರ್ ಚೀಲಗಳಿಗೆ ಒಳಗೆ ಜಾಗ ಇಲ್ಲ. ಅವು ಬಾಗಿಲ ಮುಂದೆ ಚಾಚಿಕೊಂಡಿರುವ ಜಗಲಿಯಂಥ ಜಾಗದಲ್ಲೇ ಇರಬೇಕು. ನಮ್ಮನೆಯವರು ಆರಡಿ ಮೇಲೆ ಎರಡಿಂಚು, ಅವರ ಸ್ಲೀಪಿಂಗ್ ಬ್ಯಾಗಿನ ಕಾಲ್ತುದಿ ಯಾವಾಗಲೂ ಗೋಡೆಗೆ ತಾಗುತ್ತದೆ, ತಾಗಿದ ಕಡೆ ಬೆಳಗ್ಗೆ ಒದ್ದೆ. ನನಗೆ ಐದಡಿ ಎರಡಿಂಚಿಗೆ ಅರಮನೆ. ಗಂಡ ಹೆಂಡತಿ ಕೊಳ್ಳುವುದಾದರೆ ದಯವಿಟ್ಟು ಎರಡು ಬಾಗಿಲು ಇರುವುದನ್ನೇ ಕೊಳ್ಳಿ, ಈ ಕಂಪನಿಯದ್ದಾಗಲಿ ಬೇರೆಯದ್ದಾಗಲಿ. ರಾತ್ರಿ ಎರಡು ಗಂಟೆಗೆ ಒಬ್ಬರು ಹೊರಗೆ ಹೋಗಲು ಇನ್ನೊಬ್ಬರನ್ನು ತುಳಿದುಕೊಂಡು ಹೋಗಬೇಕಾದ ಟೆಂಟಿನಲ್ಲಿ ಸಂಸಾರ ಬಹಳ ದಿನ ಸುಗಮವಾಗಿ ನಡೆಯುವುದಿಲ್ಲ.

ಹೊರುವುದು ಸುಲಭ. ಪೋಲು ಮತ್ತು ಒಳಗಿನ ಜಾಲರಿ ನನ್ನ ಸೈಕಲ್ ಮೇಲೆ, ಹೊದಿಕೆ ಮತ್ತು ಗೂಟ ಅವರ ಸೈಕಲ್ ಮೇಲೆ. ತೂಕ ಹಂಚಿಹೋಗುತ್ತದೆ. ಇನ್ನೊಂದು ಲಾಭವೂ ಇದೆ, ಹಗಲಲ್ಲಿ ಎಷ್ಟೇ ಜಗಳ ಆಡಿದರೂ ಸಂಜೆ ಒಂದೇ ಊರು ಸೇರಲೇಬೇಕು.

ಈಗ ನದಿಯ ವಿಷಯ. ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ, ಸುಮಾರು 860 ಕಿಲೋಮೀಟರ್ ಹರಿದು ರಾಯಚೂರಿನ ಹತ್ತಿರ ಕೃಷ್ಣೆಯನ್ನು ಸೇರುತ್ತದೆ. ನಾವು ಇಂದ್ರಾಯಣಿ ಬಂದು ಕೂಡುವ ತುಳಾಪುರದಿಂದ ಅದರ ಜೊತೆ ಹಿಡಿದೆವು. ಸ್ವಲ್ಪ ಕೆಳಗೆ ಪುಣೆಯ ಮುಳಾ-ಮುಠಾ ಬಂದು ಸೇರುತ್ತದೆ, ಅದರೊಂದಿಗೆ ಊರಿನ ಕೊಳಚೆ ಕೂಡ. ಅಲ್ಲಿಂದ ಉಜನಿ ಅಣೆಕಟ್ಟಿನ ಹಿನ್ನೀರಿನ ತನಕ ದಂಡೆಯಲ್ಲಿ ಅಲ್ಲಲ್ಲಿ ಜಲಪರ್ಣಿ, ಅಂದರೆ ನೀರಿನ ಮೇಲೆ ತೇಲಿ ಹಬ್ಬುವ ಕಳೆ, ಜಲಪರ್ಣಿ ಇದ್ದ ಕಡೆಯೆಲ್ಲ ಸೊಳ್ಳೆ. ಸಂಜೆ ಆರೂವರೆಗೆ ಶುರು. ಆ ಹಿನ್ನೀರಿನ ಭಿಗವಣದಲ್ಲಿ ಫ್ಲೆಮಿಂಗೋ ನೋಡಲು ಪುಣೆ ಮುಂಬೈ ಜನ ಬೆಳಗ್ಗೆ ಬಂದು ದೋಣಿ ಹತ್ತಿ ಫೋಟೋ ತೆಗೆದುಕೊಂಡು ಹೋಗುತ್ತಾರೆ, ಅವರಿಗೆ ಅಲ್ಲಿಯ ರಾತ್ರಿ ಗೊತ್ತಿಲ್ಲ.

ಈ ಟೆಂಟ್ ಗೆದ್ದಿದ್ದು ಇಲ್ಲೇ. ಜಾಲರಿಯ ಕಣ್ಣು ಬಹಳ ಸಣ್ಣದು. ಸೊಳ್ಳೆ ಬಿಡಿ, ದೀಪಕ್ಕೆ ಮುತ್ತುವ ಸಣ್ಣ ಹುಳವೂ ಒಳಗೆ ಬರಲಿಲ್ಲ. ಪೋಲಿನ ಮೇಲೆ ತಾನೇ ನಿಲ್ಲುವ ಟೆಂಟ್ ಆದ್ದರಿಂದ ಗೂಟ ಹೊಡೆಯಲಾಗದ ಜಾಗದಲ್ಲೂ ಒಳಗಿನ ಜಾಲರಿಯಷ್ಟನ್ನೇ ನಿಲ್ಲಿಸಬಹುದು. ಸಿದ್ಧಟೇಕದ ಕಡೆ ಒಂದು ಶಾಲೆಯ ಪಡಸಾಲೆ, ಪಂಢರಪುರದಲ್ಲಿ ಒಂದು ಮಠದ ಮಾಳಿಗೆ, ಆಮೇಲೆ ಎಷ್ಟೋ ಹಳ್ಳಿಗಳ ಗುಡಿಯ ಕಟ್ಟೆ. ಎಲ್ಲ ಕಡೆ ಹೊದಿಕೆ ಚೀಲದಲ್ಲೇ ಇತ್ತು, ಜಾಲರಿ ಮಾತ್ರ ಹೊರಗೆ. ಐದು ನಿಮಿಷದ ಕೆಲಸ. ಮೇಲೆ ಸೂರು, ಕೆಳಗೆ ಒಣ ನೆಲ, ಸುತ್ತ ಪರದೆ, ಇನ್ನೇನು ಬೇಕು? ಲೆಕ್ಕ ಹಾಕಿದರೆ ನಾವು ಹದಿನಾಲ್ಕು ಸಾವಿರ ಕೊಟ್ಟು ಕೊಂಡಿದ್ದು ಮಡಚುವ ಸೊಳ್ಳೆಪರದೆ. ಬೇಜಾರಿಲ್ಲ, ಅಷ್ಟು ಬೆಲೆ ಬಾಳುತ್ತದೆ. ಭೀಮೆಯ ದಂಡೆಯಲ್ಲಂತೂ ಅನುಮಾನವೇ ಇಲ್ಲ.

ಊರಲ್ಲಿ ಕೇಳಿದರೆ ಜಾಗ ಇಲ್ಲ ಅನ್ನುವವರೇ ಸಿಗಲಿಲ್ಲ. ಪಾಟೀಲರನ್ನೋ, ಗುಡಿಯ ಪೂಜಾರಿಯನ್ನೋ, ಶಾಲೆಯ ಮಾಸ್ತರರನ್ನೋ ಕತ್ತಲಾಗುವ ಮೊದಲೇ ಕೇಳಬೇಕು. ಹೆಂಗಸು ಜೊತೆಗಿದ್ದರೆ ಇನ್ನೂ ಬೇಗ ಒಪ್ಪುತ್ತಾರೆ, ಅದಕ್ಕೆ ಕೇಳುವ ಕೆಲಸ ನನ್ನದೇ ಆಗಿತ್ತು. ಮಂಗಳವೇಢೆ ದಾಟಿದ ಮೇಲೆ ನನ್ನ ಹರಕು ಮರಾಠಿಗೂ ಬಿಡುವು ಸಿಕ್ಕಿತು. ನದಿಯ ಎರಡೂ ಕಡೆ ಕನ್ನಡ ಮಾತಾಡುವ ಮನೆಗಳು. ಅಲ್ಲೊಬ್ಬ ಅಜ್ಜ ನಾವು ಪೋಲು ಜೋಡಿಸುವುದನ್ನೇ ಬಹಳ ಹೊತ್ತು ನೋಡಿ, "ಯವ್ವಾ, ಮನ್ಯಾಗ ಇಷ್ಟ ಜಾಗ ಐತಿ, ಈ ಅರಿಬಿ ಗೂಡಿನ್ಯಾಗ ಯಾಕ ಮಲಗ್ತೀರಿ?" ಅಂದರು. ವಿಜಯಪುರದ ಕಡೆಯವಳಾದ ನನಗೂ ಉತ್ತರ ಹೊಳೆಯಲಿಲ್ಲ. ಅವರ ಹೊಲದಲ್ಲೇ ಸೀತನಿ ತಿಂದೆವು, ಬೆಂಕಿಯ ಬೂದಿಯಲ್ಲಿ ಸುಟ್ಟು ಅಂಗೈಯಲ್ಲಿ ತಿಕ್ಕಿ ಕೊಟ್ಟ ಹಸಿ ಜೋಳ, ಜೊತೆಗೆ ಶೇಂಗಾ ಹಿಂಡಿ. ಪುಣೆಯಲ್ಲಿ ಹುರ್ಡಾ ಪಾರ್ಟಿ ಅಂತ ತಲೆಗೆ ಇಷ್ಟು ಎಂದು ದುಡ್ಡು ಕೊಟ್ಟು ತಿನ್ನುತ್ತೇವಲ್ಲ, ಅದೇ.

ಇನ್ನು ಇಬ್ಬನಿ. ಇದನ್ನು ಕಂಪನಿಯವರು ಒಂದು ಸಾಲಿನಲ್ಲಿ 'ಗಾಳಿಯಾಡುವ ವಿನ್ಯಾಸ' ಎಂದು ಮುಗಿಸಿದ್ದಾರೆ. ಡಿಸೆಂಬರ್ ರಾತ್ರಿ ಈ ಬಯಲು ಸೀಮೆಯ ಆಕಾಶದಲ್ಲಿ ಮೋಡ ಇರುವುದಿಲ್ಲ. ತೆರೆದ ಆಕಾಶದ ಕೆಳಗೆ ಮೇಲಿನ ಹೊದಿಕೆ ತನ್ನ ಶಾಖ ಕಳೆದುಕೊಂಡು ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ. ತಣ್ಣನೆ ಗಾಳಿ ಭಾರ, ಅದು ಇಳಿದು ನದಿಯ ತಗ್ಗಿನಲ್ಲಿ ನಿಲ್ಲುತ್ತದೆ. ನೀರಿನ ಪಕ್ಕ ತೇವ ಮೊದಲೇ ಹೆಚ್ಚು. ಅದರ ಮೇಲೆ ಇಬ್ಬರ ಉಸಿರು ಬೇರೆ. ಎಲ್ಲ ಸೇರಿ ಬೆಳಗಿನ ನಾಲ್ಕರ ಹೊತ್ತಿಗೆ ಹೊದಿಕೆಯ ಒಳಮೈಯಿಂದ ತೊಟ್ಟಿಕ್ಕಲು ಶುರು. ಮಳೆ ಸೋರಿತು ಎಂದು ಇದಕ್ಕೆ ಒಂದು ನಕ್ಷತ್ರ ಕೊಟ್ಟವರನ್ನು ನೋಡಿದ್ದೇನೆ. ಸೋರಿಲ್ಲ ಸ್ವಾಮಿ, ನಿಮ್ಮ ಉಸಿರೇ ನಿಮ್ಮ ಮೇಲೆ ಬಿದ್ದಿದೆ.

ಮದ್ದು ಟೆಂಟಿನಲ್ಲಿಲ್ಲ, ಜಾಗದಲ್ಲಿದೆ. ಸೀನಾ ನದಿ ಬಂದು ಭೀಮೆಯನ್ನು ಸೇರುವ ಹತ್ತರಸಂಗ ಕೂಡಲದಲ್ಲಿ ಇದು ಚೆನ್ನಾಗಿ ಗೊತ್ತಾಯಿತು. ಮೊದಲ ರಾತ್ರಿ ನೀರು ಕಾಣುವ ಹುಲ್ಲಿನ ಮೇಲೆ, ಬೆಳಗ್ಗೆ ಹೊದಿಕೆ ಹಿಂಡಿದರೆ ನೀರು. ಮರುದಿನ ದಂಡೆ ಹತ್ತಿ ಜೋಳದ ಹೊಲದ ಬದುವಿನ ಬೇವಿನ ಮರದ ಕೆಳಗೆ ಹಾಕಿದೆವು. ನದಿಯಿಂದ ಬಹಳ ದೂರವೇನಲ್ಲ, ಎತ್ತರ ಮಾತ್ರ ಜಾಸ್ತಿ. ಒರೆಸಲು ಕರವಸ್ತ್ರ ಸಾಕಾಯಿತು. ಮರ ಆಕಾಶಕ್ಕೆ ಅಡ್ಡ ಇದ್ದರೆ ಹೊದಿಕೆ ಅಷ್ಟು ತಣ್ಣಗಾಗುವುದಿಲ್ಲ. ಜೊತೆಗೆ ಎರಡೂ ಬಾಗಿಲ ಮೇಲಿನ ಗಾಳಿಕಿಂಡಿ ಎತ್ತಿಡಬೇಕು. ಚಳಿ ಅಂತ ಮುಚ್ಚಿದರೆ ಕೆಟ್ಟಿತು.

ನೀರಿನಿಂದ ದೂರ ಇರಲು ಇದಕ್ಕಿಂತ ದೊಡ್ಡ ಕಾರಣವೂ ಇದೆ. ಉಜನಿ ಅಣೆಕಟ್ಟಿನ ಕೆಳಗೆ ನದಿ ಒಣಗಿದಂತೆ ಕಂಡರೂ ನಂಬಬೇಡಿ. ಕೆಳಗಿನ ಊರುಗಳ ಕುಡಿಯುವ ನೀರಿಗಾಗಿ ನದಿಯ ಪಾತ್ರಕ್ಕೇ ನೀರು ಬಿಡುತ್ತಾರೆ, ಮಳೆ ಇಲ್ಲದ ತಿಂಗಳಲ್ಲೂ. ಮರಳು ನುಣ್ಣಗಿದೆ, ಚೆನ್ನಾಗಿದೆ ಅಂತ ಪಾತ್ರದಲ್ಲಿ ಟೆಂಟ್ ಹಾಕುವುದು ಬೇಡವೇ ಬೇಡ.

ನೆಲದ ವಿಷಯಕ್ಕೆ ಬಂದರೆ, ಜೊತೆಗೆ ಕೊಡುವ ಗೂಟಗಳು ಕಸ. ಬೆರಳಲ್ಲಿ ಬಗ್ಗುವ ತಂತಿ. ಎರೆಮಣ್ಣು ಒಣಗಿ ಬಿರಿದಿದ್ದರೆ ಗೂಟ ಬಿರುಕಿಗೆ ಜಾರಿ ಸಡಿಲವಾಗುತ್ತದೆ, ಕಬ್ಬಿನ ಗದ್ದೆಯ ಪಕ್ಕ ಹಸಿಯಾಗಿದ್ದರೆ ಬೆಣ್ಣೆಯಲ್ಲಿ ನೆಟ್ಟ ಹಾಗೆ. ಮೂರು ಅಂಚಿನ ಉದ್ದ ಅಲ್ಯೂಮಿನಿಯಂ ಗೂಟ ಬೇರೆ ಕೊಂಡೆವು, ಆಮೇಲೆ ತೊಂದರೆ ಇಲ್ಲ. ಟೆಂಟಿನ ತಳ ಮಾತ್ರ ಗಟ್ಟಿ. ಆದರೂ ಆ ಸೀಮೆಯ ಜಾಲಿ ಮುಳ್ಳಿಗೆ ಗಟ್ಟಿ ಎನ್ನುವುದೇ ಇಲ್ಲ. ಟಯರನ್ನೇ ಬಿಡದ್ದು ಬಟ್ಟೆಯನ್ನು ಬಿಡುತ್ತದೆಯೇ? ಟೆಂಟ್ ಹಾಸುವ ಮೊದಲು ಮೊಬೈಲ್ ಬೆಳಕಲ್ಲಿ ನೆಲ ಗುಡಿಸುವುದು, ಕೆಳಗೆ ದಪ್ಪ ತಾಡಪತ್ರಿ ಹಾಕುವುದು, ಇವೆರಡೂ ಕಡ್ಡಾಯ. ತಾಡಪತ್ರಿಯ ಅಂಚು ಟೆಂಟಿನಿಂದ ಹೊರಗೆ ಇಣುಕಬಾರದು, ಇಣುಕಿದರೆ ಮಳೆ ನೀರನ್ನು ಹಿಡಿದು ಒಳಗೇ ತರುತ್ತದೆ.

ಮಳೆಯನ್ನು ಬೇಗ ಮುಗಿಸುತ್ತೇನೆ. ನೀರು ತಡೆಯುವ ಶಕ್ತಿ 2000 ಮಿಲಿಮೀಟರ್ ಎಂದು ಕಂಪನಿಯವರು ಬರೆದಿದ್ದಾರಲ್ಲ, ಎರಡು ಮೀಟರ್ ಎತ್ತರದ ನೀರಿನ ಒತ್ತಡವನ್ನು ಬಟ್ಟೆ ತಡೆಯುತ್ತದೆ ಎಂದು ಅದರ ಲೆಕ್ಕ. ಹೊದಿಕೆಗೆ ಅಷ್ಟು ಧಾರಾಳ. ತಾಮ್ಹಿಣಿಯಲ್ಲಿ ರಾತ್ರಿಯಿಡೀ ಹೊಡೆದರೂ ಬಟ್ಟೆ ಸೋರಲಿಲ್ಲ. ಒಂದು ಮೂಲೆಯ ಹೊಲಿಗೆಯ ಪಟ್ಟಿ ಎರಡನೇ ಮಳೆಗಾಲಕ್ಕೆ ಬಿಟ್ಟುಕೊಂಡಿತು. ಇದು ಪಿಯು (ಪಾಲಿಯುರೆಥೇನ್) ಲೇಪನದ ಬಟ್ಟೆ, ಪಿಯು ಅಂಟನ್ನೇ ಹಚ್ಚಬೇಕು, ಸಿಲಿಕೋನ್ ಹಚ್ಚಿದರೆ ನಿಲ್ಲುವುದಿಲ್ಲ. ಪುಣೆಯ ಮಳೆಗಾಲದಲ್ಲಿ ಇದನ್ನು ಅದರದೇ ಬಿಗಿ ಚೀಲದಲ್ಲಿ ಕಪಾಟಿಗೆ ತುರುಕಬೇಡಿ. ತೇವಕ್ಕೆ ಲೇಪನ ಅಂಟಂಟಾಗಿ ಕೆಟ್ಟ ವಾಸನೆ ಬರುತ್ತದೆ, ಒಮ್ಮೆ ಬಂದರೆ ಹೋಗುವುದಿಲ್ಲ. ನಮ್ಮದು ಹಳೇ ದಿಂಬಿನ ಕವರಿನಲ್ಲಿ ಸಡಿಲವಾಗಿ ಇದೆ, ಇನ್ನೂ ಚೆನ್ನಾಗಿದೆ.

ಒಂದೂವರೆ ನಕ್ಷತ್ರ ಕಡಿತ ಯಾಕೆ ಅಂದರೆ, ಅರ್ಧ ಆ ಗೂಟಗಳಿಗೆ, ಒಂದು ಪೂರ್ತಿ ಸರ್ವಿಸ್‌ಗೆ. ಅಫಜಲಪುರದ ಆಚೆ ಗಾಳಿಗೆ ಒಂದು ಪೋಲಿನ ತುಂಡು ಸೀಳಿತು, ಒಳಗಿನ ಎಲಾಸ್ಟಿಕ್ ಕೂಡ ಹೋಯಿತು. ಸೀಳಿದ ಕಡೆ ತೊಡಿಸುವ ಸಣ್ಣ ಕೊಳವೆ ಟೆಂಟಿನ ಜೊತೆಗೇ ಬರುತ್ತದೆ, ಪುಣ್ಯಕ್ಕೆ. ಅದನ್ನು ತೊಡಿಸಿ ಟೇಪ್ ಸುತ್ತಿ ಗಾಣಗಾಪುರ ದಾಟಿ ಸನ್ನತಿ ಮುಟ್ಟಿದೆವು. ಅಲ್ಲಿ ಗುಡಿಯ ಪೀಠದಡಿ ಅಶೋಕನ ಶಾಸನ ಸಿಕ್ಕಿದ್ದು 1980ರ ದಶಕದಲ್ಲಿ, ಪಕ್ಕದ ಕನಗನಹಳ್ಳಿಯ ಸ್ತೂಪದಲ್ಲಿ 'ರಾಯೋ ಅಸೋಕೋ' ಎಂದು ಹೆಸರು ಕೊರೆದ ಅವನ ಶಿಲ್ಪವೇ ಇದೆ. ನದಿಗುಂಟ ಇಷ್ಟು ದೂರ ತುಳಿದಿದ್ದೇ ಅದನ್ನು ನೋಡಲು. ವಾಡಿಯಲ್ಲಿ ಸೈಕಲ್‌ಗಳನ್ನು ಪಾರ್ಸಲ್‌ಗೆ ಹಾಕಿ ರೈಲಿನಲ್ಲಿ ಮನೆಗೆ ಬಂದು ಕಂಪನಿಗೆ ಫೋನ್ ಮಾಡಿದರೆ, ಒಂದು ತುಂಡು ಸಿಗುವುದಿಲ್ಲ, ಇಡೀ ಪೋಲ್ ಸೆಟ್ ಕೊಳ್ಳಿ ಎಂದರು. ಬೆಲೆ ಕೇಳಿದರೆ ಟೆಂಟಿನ ಮೂರನೇ ಒಂದು ಭಾಗ! ನಾನು ಇನ್ನೊಂದು ಸಲ ಕೇಳಿದೆ, ಆ ಹುಡುಗ ಅದೇ ವಾಕ್ಯವನ್ನು ಅಕ್ಷರ ಬಿಡದೆ ಮತ್ತೆ ಓದಿದ.

ಎಲಾಸ್ಟಿಕ್ ಪುಣೆಯ ರವಿವಾರ ಪೇಠೆಯಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಅದೇ ದಪ್ಪದ ಅಲ್ಯೂಮಿನಿಯಂ ಕೊಳವೆ ಪಕ್ಕದ ಬೋಹರಿ ಆಳಿ ಎಂಬ ಓಣಿಯಲ್ಲಿ ಕತ್ತರಿಸಿಕೊಟ್ಟರು. ಎರಡೂ ಸೇರಿ ಮುನ್ನೂರು ರೂಪಾಯಿ ದಾಟಲಿಲ್ಲ. ಹೋಗುವಾಗ ಮುರಿದ ತುಂಡನ್ನು ಜೊತೆಗೆ ಒಯ್ಯಿರಿ, ದಪ್ಪವನ್ನು ಬಾಯಲ್ಲಿ ಹೇಳಿದರೆ ಅಂಗಡಿಯವರು ಕೇಳುವುದಿಲ್ಲ. ಭಾನುವಾರ ಬೇಡ, ಸುಮಾರು ಅಂಗಡಿ ಮುಚ್ಚಿರುತ್ತವೆ.